ನಮ್ಮ ಮನೆಗೆ ಯಾವ ಬ್ರಾಡ್‌ಬ್ಯಾಂಡ್ ಬರುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಇಂಟರ್ನೆಟ್ ಹಾಕಿಸುವ ಬಗ್ಗೆ ನೆಂಟರು, ಸ್ನೇಹಿತರು, ಪತ್ರ ಬರೆಯುವವರು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. 'ಯಾವ ಕಂಪನಿ ಚೆನ್ನಾಗಿದೆ?' ಅಂತಲೇ ಎಲ್ಲರೂ ಮಾತು ಶುರು ಮಾಡುತ್ತಾರೆ. ಅದಕ್ಕಿಂತ ಮೊದಲು ತಿಳಿಯಬೇಕಾದ್ದು ಎರಡಿದೆ. ನಿಮ್ಮ ಮನೆ ಹತ್ತಿರದ ಕಂಬದ ತನಕ ಯಾರ ಲೈನ್ ಬಂದಿದೆ? ಅದು ಕೆಟ್ಟರೆ ಸರಿ ಮಾಡಲು ಯಾರು ಬರುತ್ತಾರೆ? ಬೆಂಗಳೂರಿನಲ್ಲಿ ಹೆಸರು ಮಾಡಿದ ಕಂಪನಿ ನಿಮ್ಮ ಬೀದಿಯಲ್ಲಿ ಇಲ್ಲದೇ ಇರಬಹುದು. ಯಾರೂ ಹೆಸರು ಕೇಳದ ಲೋಕಲ್ ಆಪರೇಟರ್ ಅಲ್ಲಿ ಚೆನ್ನಾಗಿ ನಡೆಸುತ್ತಿರಬಹುದು.

## ಶುರುವಿನ ಪ್ರಶ್ನೆಗಳು

ನಮ್ಮ ಏರಿಯಾಕ್ಕೆ ಯಾವ್ಯಾವ ಬ್ರಾಡ್‌ಬ್ಯಾಂಡ್ ಇದೆ ಅಂತ ಒಂದೇ ಕಡೆ ನೋಡೋಕೆ ಆಗುತ್ತಾ?

ಆಗುತ್ತದೆ, ಆದರೆ ಪೂರ್ತಿ ಉತ್ತರ ಅಲ್ಲಿ ಸಿಗುವುದಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯದು ಸಂಚಾರ್ ಸಾಥಿ ಅಂತ ಒಂದು ಪೋರ್ಟಲ್ ಇದೆ. 2023ರ ಮೇ ತಿಂಗಳಲ್ಲಿ ಶುರುವಾಯಿತು. ಕಳೆದುಹೋದ ಮೊಬೈಲ್ ಬ್ಲಾಕ್ ಮಾಡಿಸಲು ಅದನ್ನು ಬಳಸಿದವರು ಬಹಳ ಜನ. ಅದರಲ್ಲೇ ವೈರ್‌ಲೈನ್ (ವೈರ್ ಮೂಲಕ ಬರುವ) ಇಂಟರ್ನೆಟ್ ಕಂಪನಿ ಹುಡುಕುವ ಜಾಗವೂ ಇದೆ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಪಿನ್‌ಕೋಡ್ ಹಾಕಿದರೆ ಅಲ್ಲಿ ಸೇವೆ ಕೊಡುವ ಕಂಪನಿಗಳ ಪಟ್ಟಿ ಬರುತ್ತದೆ. ವಿಳಾಸ ಅಥವಾ ಕಂಪನಿ ಹೆಸರು ಹಾಕಿಯೂ ಹುಡುಕಬಹುದು. ಚಿಕ್ಕ ಚಿಕ್ಕ ಕಂಪನಿಗಳ ಹೆಸರು ಗೊತ್ತಾಗುವುದೇ ಇದರ ದೊಡ್ಡ ಲಾಭ.

ಆದರೆ ಒಂದು ಪಿನ್‌ಕೋಡ್ ಅಂದರೆ ಹಳ್ಳಿ ಕಡೆ ಹತ್ತಾರು ಊರು, ಬೆಂಗಳೂರಿನಲ್ಲಿ ಹಲವು ಬಡಾವಣೆ. ಪಟ್ಟಿಯಲ್ಲಿ ಹೆಸರಿದ್ದರೆ ಆ ಕಂಪನಿ ಅಷ್ಟು ಜಾಗದೊಳಗೆ ಎಲ್ಲೋ ಒಂದು ಕಡೆ ಇದೆ ಎಂದಷ್ಟೇ ತಿಳಿಯಿರಿ. ಅಲ್ಲಿಂದ ಮುಂದೆ ಒಂದೊಂದೇ ಕಂಪನಿಯ ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿ ನೋಡಬೇಕು. ಬಿಎಸ್‌ಎನ್‌ಎಲ್‌ನ ಬುಕ್ ಮೈ ಫೈಬರ್, ಜಿಯೋ, ಏರ್‌ಟೆಲ್, ಆಕ್ಟ್, ಹಾಥ್‌ವೇ, ಟಾಟಾ ಪ್ಲೇ ಫೈಬರ್ ಇವನ್ನೆಲ್ಲ ಒಮ್ಮೆ ನೋಡಿಬಿಡಿ. ಒಂದು ಮಾತು: ಅಲ್ಲಿ ಫೋನ್ ನಂಬರ್ ಕೊಟ್ಟ ಮೇಲೆ ಕರೆಗಳು ಬರುತ್ತಲೇ ಇರುತ್ತವೆ. ಮನೆಯಲ್ಲಿ ಎರಡನೇ ನಂಬರ್ ಇದ್ದರೆ ಅದನ್ನೇ ಕೊಡಿ.

ಫೈಬರ್, ಕೇಬಲ್, ಏರ್‌ಫೈಬರ್ ಅಂತಾರೆ. ನಂಗೆ ಏನೂ ಗೊತ್ತಾಗಲ್ಲ. ಏನು ವ್ಯತ್ಯಾಸ?

ಮನೆಯೊಳಗೆ ಏನು ಬರುತ್ತದೆ ಎಂದು ನೋಡಿದರೆ ಸಾಕು.

ಕೂದಲೆಳೆಯಷ್ಟು ತೆಳು ಗಾಜಿನ ಎಳೆ ಇರುವ ಕೇಬಲ್ ನೇರ ಮನೆಯೊಳಗಿನ ಡಬ್ಬಿಗೆ ಬಂದು ಕೂತರೆ ಅದು ಮನೆ ತನಕದ ಫೈಬರ್. ಆ ಡಬ್ಬಿಗೆ ಓಎನ್‌ಟಿ ಅನ್ನುತ್ತಾರೆ. ಜನ ಸುಮ್ಮನೆ ಮೋಡೆಮ್ ಅಂತಲೇ ಕರೆಯುವುದು. ಸಿಗುವ ಹಾಗಿದ್ದರೆ ಇದನ್ನೇ ಹಾಕಿಸಿ.

ಫೈಬರ್ ಕಟ್ಟಡದ ತನಕ ಬಂದು, ಅಲ್ಲಿಂದ ನಿಮ್ಮ ಮನೆಗೆ ಕಂಪ್ಯೂಟರಿಗೆ ಚುಚ್ಚುವಂಥ ಲ್ಯಾನ್ ವೈರ್ ಬಂದರೆ ಅದೂ ಕೆಟ್ಟದ್ದೇನಲ್ಲ. ಆದರೆ ಆ ವೈರ್ 100 ಮೀಟರ್‌ಗಿಂತ ಉದ್ದ ಹೋಗಬಾರದು. ಮಹಡಿಯಲ್ಲಿ ಮನೆಗಳಿಗೆ ನೆಟ್ ಹಂಚುವ ಡಬ್ಬಿಗೆ (ಅದಕ್ಕೆ ಸ್ವಿಚ್ ಅನ್ನುತ್ತಾರೆ) ಕರೆಂಟ್ ಹೋದರೆ ನಿಮ್ಮ ನೆಟ್ಟೂ ಹೋಗುತ್ತದೆ, ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ಅಷ್ಟೇ.

ಟಿವಿ ಕೇಬಲ್‌ನ ದಪ್ಪ ವೈರಿನಲ್ಲೇ ಬರುವ ನೆಟ್ ಇನ್ನೊಂದು ಬಗೆ. ಹಳೇ ಲ್ಯಾಂಡ್‌ಲೈನ್‌ನ ತಾಮ್ರದ ತಂತಿಯಲ್ಲಿ ಬರುವ ಡಿಎಸ್‌ಎಲ್ ಮತ್ತೊಂದು. ಎಕ್ಸ್‌ಚೇಂಜ್‌ನಿಂದ ದೂರ ಹೋದ ಹಾಗೆ ಅದರ ಸ್ಪೀಡ್ ಇಳಿಯುತ್ತದೆ. ಇವತ್ತು ಹೊಸದಾಗಿ ಅದನ್ನು ಹಾಕಿಸಿಕೊಳ್ಳಬೇಡಿ.

ಏರ್‌ಫೈಬರ್ ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ರೇಡಿಯೋ ಸಿಗ್ನಲ್. ಟವರ್‌ನಿಂದ ಬರುವ 5ಜಿ ಸಿಗ್ನಲ್ಲನ್ನು ತಾರಸಿ ಮೇಲೆ ಕೂರಿಸಿದ ಡಬ್ಬಿ ಹಿಡಿದು ಮನೆಯೊಳಗೆ ವೈಫೈ ಕೊಡುತ್ತದೆ. ಏರ್‌ಟೆಲ್ ಮತ್ತು ಜಿಯೋ ಎರಡೂ ಇದನ್ನು 2023ರಲ್ಲಿ ಶುರು ಮಾಡಿದವು.

ಮೊಬೈಲ್ ಹಾಟ್‌ಸ್ಪಾಟಲ್ಲೇ ನಡೀತಿದೆಯಲ್ಲ, ಇದು ಬೇಕಾ?

ಒಬ್ಬರೇ ಇದ್ದು, ವಾಟ್ಸಾಪು, ಸ್ವಲ್ಪ ಯೂಟ್ಯೂಬು ಇಷ್ಟೇ ಆದರೆ ಬೇಡ. ಮಕ್ಕಳ ಆನ್‌ಲೈನ್ ಕ್ಲಾಸು, ಮನೆಯಿಂದ ಆಫೀಸ್ ಕೆಲಸ, ದೊಡ್ಡ ಟಿವಿ ಇವುಗಳಲ್ಲಿ ಎರಡು ಇದ್ದರೂ ಬೇಕು.

ಎಷ್ಟು ಎಂಬಿಪಿಎಸ್ ತಗೋಬೇಕು? ಅವರು 300 ತಗೊಳ್ಳಿ ಅಂತಿದಾರೆ.

ಎಂಬಿಪಿಎಸ್ ಅಂದರೆ ನೆಟ್ ಸ್ಪೀಡಿನ ಅಳತೆ. ನಾಲ್ಕು ಜನರ ಮನೆಗೆ 50ರಿಂದ 100 ಧಾರಾಳ ಸಾಕು. ನೆಟ್‌ಫ್ಲಿಕ್ಸ್ ಕಂಪನಿಯೇ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಇದ್ದರೆ ಆಯಿತು. ವೀಡಿಯೋ ಮೀಟಿಂಗ್‌ಗೆ ಅದಕ್ಕಿಂತ ಕಡಿಮೆ. ಮೀಟಿಂಗ್ ಮಧ್ಯೆ ಮಾತು ಕತ್ತರಿಸುವುದು ಹೆಚ್ಚಾಗಿ ಸ್ಪೀಡ್ ಸಾಲದೆ ಆಗುವುದಲ್ಲ, ಲೈನ್ ಸ್ಥಿರವಾಗಿಲ್ಲದೆ ಆಗುವುದು. ಹಾಗಾಗಿ 300ಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ಒಳ್ಳೇ ರೂಟರ್ (ವೈಫೈ ಕೊಡುವ ಡಬ್ಬಿ) ಮತ್ತು ಅದಕ್ಕೊಂದು ಪುಟ್ಟ ಯುಪಿಎಸ್‌ಗೆ ಹಾಕಿ ಅಂತ ನಾನು ಯಾವಾಗಲೂ ಹೇಳುತ್ತೇನೆ.

ಅಂದ ಹಾಗೆ, ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡ್. 2023ರ ಜನವರಿವರೆಗೆ ಈ ಮಿತಿ 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್ ಇತ್ತು. 'ಬ್ರಾಡ್‌ಬ್ಯಾಂಡ್ ಇದೆ' ಅಂತ ಯಾರಾದರೂ ಹೇಳಿದರೆ ಎಷ್ಟು ಸ್ಪೀಡು ಅಂತಲೂ ಕೇಳಿ.

## ಹುಡುಕುವ ಕೆಲಸ

ಸೈಟಲ್ಲಿ 'ಲಭ್ಯವಿದೆ' ಅಂತ ಬಂತು. ದುಡ್ಡು ಕಟ್ಟಿದ ಮೇಲೆ ಬಂದು ನೋಡಿ 'ಫೀಸಿಬಲ್ ಇಲ್ಲ' ಅಂದ್ರು. ಯಾಕೆ ಹೀಗೆ ಮಾಡ್ತಾರೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರಿಗೆ ಬೇಜಾರಾಗಿರುವುದೂ ನ್ಯಾಯವೇ. ಊರಿಗೆ ನೀರಿನ ಪೈಪು ಬಂದಿರುವುದು ಬೇರೆ, ನಿಮ್ಮ ನಲ್ಲಿಯಲ್ಲಿ ನೀರು ಬರುವುದು ಬೇರೆ. ಸೈಟು ಹೇಳುವುದು ಮೊದಲನೆಯದನ್ನು.

ಒಳಗಿನ ವ್ಯವಸ್ಥೆ ಹೀಗಿದೆ. ಕಂಪನಿಯ ಮುಖ್ಯ ಯಂತ್ರ ಇರುವ ಕಡೆಯಿಂದ ಒಂದು ಫೈಬರ್ ಎಳೆ ಹೊರಡುತ್ತದೆ. ದಾರಿಯಲ್ಲಿ ಸ್ಪ್ಲಿಟರ್ ಅನ್ನುವ ಸಣ್ಣ ಭಾಗ ಅದರ ಬೆಳಕನ್ನು ಹಂಚುತ್ತದೆ. ಒಂದು ಎಳೆ ಸಾಮಾನ್ಯವಾಗಿ 32 ಅಥವಾ 64 ಮನೆಗೆ ಹಂಚಿಹೋಗುತ್ತದೆ. ಕೊನೆಗೆ ನಿಮ್ಮ ಬೀದಿಯ ಕಂಬದಲ್ಲಿ ಒಂದು ಬಾಕ್ಸ್, ಅದರಲ್ಲಿ ಎಂಟೋ ಹದಿನಾರೋ ಪೋರ್ಟ್, ಅಂದರೆ ಒಂದೊಂದು ಮನೆಯ ವೈರ್ ಚುಚ್ಚುವ ಜಾಗ. 'ಫೀಸಿಬಲ್ ಇಲ್ಲ' ಅಂದರೆ ಹೆಚ್ಚಾಗಿ ಈ ಮೂರರಲ್ಲಿ ಒಂದು: ಬಾಕ್ಸ್‌ನಲ್ಲಿ ಪೋರ್ಟ್ ಖಾಲಿ ಇಲ್ಲ, ಬಾಕ್ಸ್‌ನಿಂದ ನಿಮ್ಮ ಮನೆಗೆ ವೈರ್ ಎಳೆಯಲು ದೂರ ಅಥವಾ ಅಡ್ಡಿ ಜಾಸ್ತಿ, ಇಲ್ಲವೇ ಅಲ್ಲಿಗೆ ಬರುವ ಬೆಳಕೇ ಕಡಿಮೆ.

ಬಂದವರನ್ನು ಸುಮ್ಮನೆ ಕಳಿಸಬೇಡಿ, ಕಾರಣ ಕೇಳಿ. ಪೋರ್ಟ್ ಖಾಲಿ ಇಲ್ಲದಿದ್ದರೆ ಬೇಸರ ಬೇಡ. ಯಾರಾದರೂ ಕನೆಕ್ಷನ್ ಬಿಟ್ಟರೆ ಅಥವಾ ಇನ್ನೊಂದು ಬಾಕ್ಸ್ ಹಾಕಿದರೆ ಸಿಗುತ್ತದೆ. ಅದೇ ಬೀದಿಯ ನಾಲ್ಕೈದು ಮನೆಯವರು ಒಟ್ಟಿಗೆ ಅರ್ಜಿ ಹಾಕಿದರೆ ಹೊಸ ಬಾಕ್ಸ್ ಬೇಗ ಬರುತ್ತದೆ. ದೂರ ಜಾಸ್ತಿ ಅಂದರೆ ಎಷ್ಟು ಮೀಟರ್ ಅಂತ ಕೇಳಿ. ಹೆಚ್ಚಿನ ವೈರ್‌ಗೆ ದುಡ್ಡು ಕೊಡುತ್ತೇವೆ ಅಂದರೆ ಒಪ್ಪುವವರೂ ಇದ್ದಾರೆ. ಬೆಳಕು ಕಡಿಮೆ ಅಂದರೆ ಮಾತ್ರ ಒತ್ತಾಯ ಮಾಡಬೇಡಿ. ಹೇಗೋ ಜೋಡಿಸಿಕೊಟ್ಟರೂ ದಿನವೂ ಕಾಟ ಕೊಡುತ್ತದೆ.

ಯಾವ ಕಂಪನಿ ಲೈನ್ ಇದೆ ಅಂತ ಕಂಬ ನೋಡಿದ್ರೇ ಗೊತ್ತಾಗುತ್ತೆ ಅಂತಾರಲ್ಲ, ಏನು ನೋಡ್ಬೇಕು?

ಮನೆಯಿಂದ ಹೊರಗೆ ಬಂದು ಬೀದಿಯ ಎರಡೂ ತುದಿವರೆಗೆ ನಿಧಾನಕ್ಕೆ ನಡೆದು ಬನ್ನಿ, ತಲೆ ಎತ್ತಿಕೊಂಡು. ಕರೆಂಟಿನ ತಂತಿಗಿಂತ ಕೆಳಗೆ ಕಪ್ಪು ಕೇಬಲ್‌ಗಳ ಸಿಂಬೆ ಕಾಣುತ್ತದೆ. ಬೆರಳುಗಾತ್ರದ ಕೇಬಲ್ ದೂರಕ್ಕೆ ಹೋಗುವ ಮುಖ್ಯ ಲೈನ್. ಮನೆಗಳ ಕಡೆ ತಿರುಗುವ ತೆಳುವಾದ, ಚಪ್ಪಟೆ ವೈರ್ ಇದೆಯಲ್ಲ, ಅದು ಡ್ರಾಪ್ ಕೇಬಲ್. ಅದು ಯಾವ ಬಾಕ್ಸಿನಿಂದ ಹೊರಟಿದೆ ನೋಡಿ. ಟಿಫಿನ್ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಬಾಕ್ಸ್ ಅದು. ಎಷ್ಟೋ ಸಲ ಅದರ ಮೇಲೆ ಕಂಪನಿ ಹೆಸರಿನ ಸ್ಟಿಕ್ಕರ್ ಇರುತ್ತದೆ, ಇಲ್ಲವೇ ಪೇಂಟಲ್ಲಿ ಬರೆದ ನಂಬರ್ ಇರುತ್ತದೆ. ಫೋಟೋ ತೆಗೆದುಕೊಳ್ಳಿ. ಸರ್ವೆಗೆ ಬರುವವರಿಗೆ ಆ ಫೋಟೋ ಕಳಿಸಿದರೆ ಅವರ ಕೆಲಸ ಅರ್ಧ ಮುಗಿದ ಹಾಗೆ.

ಇನ್ನೊಂದು ಸುಲಭ ದಾರಿ ಇದೆ. ಗೇಟಿನ ಹತ್ತಿರ ನಿಂತು ಫೋನಿನ ವೈಫೈ ಪಟ್ಟಿ ತೆರೆಯಿರಿ. ಬಹಳ ಜನ ರೂಟರ್‌ನ ಹೆಸರು ಬದಲಾಯಿಸುವುದೇ ಇಲ್ಲ. ಜಿಯೋಫೈಬರ್ ಅಂತಲೋ ಏರ್‌ಟೆಲ್ ಅಂತಲೋ ಶುರುವಾಗುವ ಹೆಸರು ನಾಲ್ಕು ಕಂಡರೆ, ನಿಮ್ಮ ಸುತ್ತ ಆ ಕಂಪನಿ ಇದೆ ಅಂತಲೇ ಲೆಕ್ಕ. ಪಿನ್‌ಕೋಡ್ ಹುಡುಕಾಟಕ್ಕಿಂತ ಇದನ್ನು ನಾನು ಜಾಸ್ತಿ ನಂಬುತ್ತೇನೆ.

ಕೇಬಲ್ ಮುಟ್ಟಲು, ಬಾಕ್ಸ್ ತೆರೆಯಲು ಹೋಗಬೇಡಿ. ಅದೇ ಕಂಬದಲ್ಲಿ ಕರೆಂಟ್ ಇದೆ.

ಪಕ್ಕದ ಮನೆಯವರನ್ನ ಕೇಳಿದ್ರೆ 'ಪರವಾಗಿಲ್ಲ' ಅಂತಾರೆ ಅಷ್ಟೇ. ಏನು ಕೇಳಿದ್ರೆ ಸರಿಯಾಗಿ ಗೊತ್ತಾಗುತ್ತೆ?

'ಚೆನ್ನಾಗಿದೆಯಾ' ಅಂತ ಕೇಳಿದರೆ 'ಪರವಾಗಿಲ್ಲ' ಅಂತಲೇ ಉತ್ತರ ಬರುವುದು. ನಡೆದದ್ದನ್ನು ಕೇಳಿ. ಕಳೆದ ಸಲ ನೆಟ್ ಹೋದಾಗ ಎಷ್ಟು ದಿನಕ್ಕೆ ಸರಿಯಾಯಿತು? ಫೋನ್ ಮಾಡಿದ್ದು ಕಾಲ್ ಸೆಂಟರಿಗೋ, ಇಲ್ಲೇ ಊರಿನ ಹುಡುಗನಿಗೋ? ರಾತ್ರಿ ಒಂಬತ್ತರ ಹೊತ್ತಿಗೆ ಕ್ರಿಕೆಟ್ ನೋಡುವಾಗ ನಿಲ್ಲುತ್ತದಾ? ಮಳೆಗಾಲದಲ್ಲಿ ಹೇಗೆ? ಕರೆಂಟ್ ಹೋಗಿ ಎರಡು ಗಂಟೆ ಆದ ಮೇಲೂ ನೆಟ್ ಇರುತ್ತದಾ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಕಂಪನಿಯ ಯಂತ್ರ ಇರುವ ಕಡೆ ಬ್ಯಾಟರಿ ಬ್ಯಾಕಪ್ ಇಲ್ಲದಿದ್ದರೆ ನೆಟ್ ಇರುವುದಿಲ್ಲ. ಇದನ್ನು ಯಾವ ಸೈಟೂ ಹೇಳುವುದಿಲ್ಲ, ಪಕ್ಕದ ಮನೆಯವರೇ ಹೇಳಬೇಕು. ಸಾಧ್ಯವಾದರೆ ಅವರ ಮನೆಯಲ್ಲೇ ಸಂಜೆ ಒಮ್ಮೆ ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ) ಮೈಸ್ಪೀಡ್ ಆ್ಯಪಿನಲ್ಲಿ ಸ್ಪೀಡ್ ನೋಡಿ.

ನಮ್ಮ ಟಿವಿ ಕೇಬಲ್‌ನವನೇ ಇಂಟರ್ನೆಟ್ಟೂ ಕೊಡ್ತೀನಿ ಅಂತಾನೆ. ನಂಬಬಹುದಾ?

ಬಹಳ ಕಡೆ ನಂಬಬಹುದು. ರಿಪೇರಿಗೆ ಅರ್ಧ ಗಂಟೆಯಲ್ಲಿ ಬರುವವರು ಅವರೇ. ಆದರೆ ಅವರ ಹಿಂದೆ ಯಾವ ಕಂಪನಿ ಇದೆ ಅನ್ನೋದು ತಿಳಿದಿರಬೇಕು. ಇಂಟರ್ನೆಟ್ ಮಾರಲು ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು. ಅದರಲ್ಲಿ ಎ, ಬಿ, ಸಿ ಅಂತ ಮೂರು ವರ್ಗ. ಎ ಅಂದರೆ ದೇಶಕ್ಕೆಲ್ಲ, ಬಿ ಅಂದರೆ ಕರ್ನಾಟಕದಂಥ ಒಂದು ಟೆಲಿಕಾಂ ವೃತ್ತಕ್ಕೆ, ಸಿ ಅಂದರೆ ಅದಕ್ಕಿಂತ ಚಿಕ್ಕ ಪ್ರದೇಶಕ್ಕೆ. ಲೋಕಲ್ ಆಪರೇಟರ್ ಇಂಥದ್ದೊಂದು ಕಂಪನಿಯ ಫ್ರಾಂಚೈಸಿ ಆಗಿರುತ್ತಾರೆ. ಸಿ ವರ್ಗ ಅಂದ ಮಾತ್ರಕ್ಕೆ ಕೀಳು ಅಂತ ತಿಳಿಯಬೇಡಿ.

ಬಿಲ್ ಕೊಡಿ ಅಂತ ಕೇಳಿ. ಬಿಲ್ ಮೇಲೆ ಕಂಪನಿ ಹೆಸರು, ಜಿಎಸ್‌ಟಿ ನಂಬರ್, ನಿಮ್ಮ ಹೆಸರಿನ ಖಾತೆ ನಂಬರ್ ಇರಬೇಕು. ಸರಿಯಾದವರು ನಿಮ್ಮ ಆಧಾರ್‌ನಂಥ ದಾಖಲೆ ಕೇಳಿಯೇ ಕನೆಕ್ಷನ್ ಕೊಡುತ್ತಾರೆ. ದಾಖಲೆಯೂ ಬೇಡ, ಬಿಲ್ಲೂ ಇಲ್ಲ, ತಿಂಗಳಿಗೆ ಇಷ್ಟು ಕ್ಯಾಶ್ ಕೊಡಿ ಸಾಕು ಅನ್ನುವವರ ಹತ್ತಿರ ಹೋಗಬೇಡಿ. ಒಬ್ಬರ ಕನೆಕ್ಷನ್ನನ್ನು ಹತ್ತು ಮನೆಗೆ ಹಂಚಿ ಮಾರುವವರು ಇದ್ದಾರೆ. ಆ ಲೈನಿನಲ್ಲಿ ಯಾರು ಏನು ಮಾಡಿದರೂ ಪತ್ತೆ ಮಾಡುವುದು ಕಷ್ಟ.

## ಹಳ್ಳಿ, ತೋಟ, ಗುಡ್ಡದ ಮನೆ

ನಮ್ದು ಹಳ್ಳಿ. ಬಿಎಸ್‌ಎನ್‌ಎಲ್ ಬಿಟ್ರೆ ಬೇರೆ ದಾರಿ ಇಲ್ವಾ?

ಮೊದಲು ಬಿಎಸ್‌ಎನ್‌ಎಲ್ ಬಗ್ಗೆಯೇ ಹೇಳಬೇಕು. ಮಲೆನಾಡಿನ, ಕರಾವಳಿಯ ಒಳ ಊರುಗಳಿಗೆ ಮೊದಲು ಮುಟ್ಟಿದ ಫೈಬರ್ ಬಹಳ ಕಡೆ ಅವರದೇ. ಈಗ ಅವರು ಊರಿನ ಪಾರ್ಟ್ನರ್‌ಗಳ ಮೂಲಕ ಕನೆಕ್ಷನ್ ಕೊಡುತ್ತಾರೆ. ಫೈಬರ್ ಎಳೆಯುವುದು, ರಿಪೇರಿ ಮಾಡುವುದು ಪಾರ್ಟ್ನರ್ ಕೆಲಸ. ಬರುವ ಹಣದಲ್ಲಿ ಅವರಿಗೆ ಪಾಲು. ಅಂದರೆ ನಿಮ್ಮ ಊರಿನಲ್ಲಿ ಬಿಎಸ್‌ಎನ್‌ಎಲ್ ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಆ ಪಾರ್ಟ್ನರ್ ಮೇಲೆ ನಿಂತಿದೆ. ಎಕ್ಸ್‌ಚೇಂಜ್‌ಗೆ ಹೋಗಿ 'ನಮ್ಮ ಊರಿಗೆ ಪಾರ್ಟ್ನರ್ ಯಾರು' ಅಂತ ಕೇಳಿ. ಒಂದೇ ಕಡೆಗೆ ಇಬ್ಬರು ಇದ್ದರೆ ರಿಪೇರಿಗೆ ಯಾರು ಬೇಗ ಬರುತ್ತಾರೆ ಅಂತ ಊರವರನ್ನು ವಿಚಾರಿಸಿ ಆರಿಸಿಕೊಳ್ಳಿ.

ಎರಡನೆಯದು ಗ್ರಾಮ ಪಂಚಾಯಿತಿ. ಭಾರತ್‌ನೆಟ್ ಯೋಜನೆ 2011ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಯಿತು. ದೇಶದ ಪಂಚಾಯಿತಿಗಳಿಗೆಲ್ಲ ಫೈಬರ್ ಮುಟ್ಟಿಸುವುದು ಅದರ ಗುರಿ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಅದಕ್ಕೆ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಒಪ್ಪಿತು. ಪಂಚಾಯಿತಿ ಕಚೇರಿಯಲ್ಲಿ ಎರಡು ಪ್ರಶ್ನೆ ಕೇಳಿ: ಫೈಬರ್ ಬಂದಿದೆಯಾ, ಅದು ಈಗ ನಡೆಯುತ್ತಿದೆಯಾ? ಕೇಬಲ್ ಬಂದು ಮೂಲೆಯಲ್ಲಿ ಪೆಟ್ಟಿಗೆ ಕೂತಿದ್ದರೂ ದೀಪ ಉರಿಯದ ಕಡೆಗಳಿವೆ. ನಡೆಯುತ್ತಿದ್ದರೆ ಅಲ್ಲಿಂದ ಮನೆಗಳಿಗೆ ಕನೆಕ್ಷನ್ ಕೊಡುವ ಉದ್ಯಮಿ ಊರಿನಲ್ಲಿ ಯಾರಾದರೂ ಇದ್ದಾರಾ ಕೇಳಿ. ಹಾಲಿನ ಡೇರಿ, ಸೊಸೈಟಿ ಬ್ಯಾಂಕ್, ಶಾಲೆ ಇವುಗಳಿಗೆ ನೆಟ್ ಯಾರದು ಅಂತಲೂ ವಿಚಾರಿಸಿ. ಅಲ್ಲಿಗೆ ಬಂದ ಲೈನ್ ನಿಮ್ಮ ಮನೆ ದಾರಿಯಲ್ಲೇ ಹೋಗಿರಬಹುದು.

ಮೇನ್ ರೋಡಿಂದ ಮನೆ ಒಂದೂವರೆ ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮಧ್ಯೆ. ಫೈಬರ್ ಎಳೀತಾರಾ?

ಎಳೆಯಬಹುದು. ದೂರ ಫೈಬರ್‌ಗೆ ಸಮಸ್ಯೆಯೇ ಅಲ್ಲ. ಈ ವ್ಯವಸ್ಥೆ ಸುಮಾರು 20 ಕಿಲೋಮೀಟರ್‌ವರೆಗೆ ಕೆಲಸ ಮಾಡುವ ಹಾಗೆ ಮಾಡಿದ್ದು. ಪ್ರಶ್ನೆ ಇರುವುದು ಕೇಬಲ್‌ನ ಖರ್ಚು ಯಾರದು, ಮುರಿದರೆ ಯಾರು ಜೋಡಿಸುತ್ತಾರೆ ಅನ್ನೋದರಲ್ಲಿ.

ಒಬ್ಬರೇ ಹೋದರೆ ಖರ್ಚು ಭಾರ. ದಾರಿಯ ಮೇಲಿನ ಐದಾರು ಮನೆಯವರು ಸೇರಿ ಮಾತಾಡಿ. ಮುಖ್ಯ ಕೇಬಲ್‌ನ ಖರ್ಚು ಹಂಚಿಕೊಂಡು, ಕೊನೆಯ ತುಂಡು ಅವರವರದು ಅಂತ ಮಾಡಿಕೊಂಡರೆ ಎಲ್ಲರಿಗೂ ಅನುಕೂಲ. ದುಡ್ಡು ಕೊಟ್ಟ ಕೇಬಲ್ ನಿಮ್ಮದೋ ಆಪರೇಟರದೋ ಅಂತ ಮೊದಲೇ ಬರೆಸಿಕೊಳ್ಳಿ. ನಾಳೆ ಬೇರೆ ಕಂಪನಿಗೆ ಹೋಗುವಾಗ ಇದೇ ಜಗಳಕ್ಕೆ ಕಾರಣವಾಗುತ್ತದೆ.

ಎಳೆಯುವಾಗ ನೀವೂ ಜೊತೆಗಿರಿ. ಮರದಿಂದ ಮರಕ್ಕೆ ಬಿಗಿಯಾಗಿ ಕಟ್ಟಿದರೆ ಗಾಳಿಗೆ ಮರ ಆಡಿದಾಗ ಕಿತ್ತು ಬರುತ್ತದೆ, ಸ್ವಲ್ಪ ಸಡಿಲ ಇರಬೇಕು. ಚೂಪಾಗಿ ಮಡಚಿದರೆ ಒಳಗಿನ ಗಾಜು ಒಡೆಯುತ್ತದೆ, ಹೊರಗಡೆಗೆ ಏನೂ ಕಾಣುವುದಿಲ್ಲ. ಮನೆ ಹತ್ತಿರ ಹತ್ತಿಪ್ಪತ್ತು ಮೀಟರ್ ಹೆಚ್ಚುವರಿ ಸುರುಳಿ ಬಿಡಿಸಿ. ಮುಂದೆ ಮುರಿದಾಗ ಎಳೆದು ಜೋಡಿಸಲು ಬೇಕಾಗುತ್ತದೆ. ಅಡಿಕೆ ಕೊಯ್ಯುವವರಿಗೂ, ಮರ ಸವರುವವರಿಗೂ ಲೈನ್ ಎಲ್ಲಿದೆ ಅಂತ ತೋರಿಸಿಡಿ.

ಕೆಲಸ ಮುಗಿದ ಮೇಲೆ 'ಪವರ್ ಎಷ್ಟು ಬರ್ತಿದೆ' ಅಂತ ಕೇಳಿ. ಪವರ್ ಅಂದರೆ ಇಲ್ಲಿ ಕರೆಂಟ್ ಅಲ್ಲ, ಫೈಬರ್‌ನಲ್ಲಿ ಬರುವ ಬೆಳಕಿನ ಬಲ. ಲೈನ್‌ಮನ್ ಹತ್ತಿರ ಕೈಯಲ್ಲಿ ಹಿಡಿಯುವ ಪವರ್ ಮೀಟರ್ ಇರುತ್ತದೆ. ಅದು ಮೈನಸ್ ಅಂಕಿಯಲ್ಲಿ ತೋರಿಸುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 27ರ ಹತ್ತಿರ ಇದ್ದರೆ ಅಂಚಿನಲ್ಲಿದೆ ಅಂತ ಅರ್ಥ, ಒಂದು ಜೋಡಣೆ ಹಾಳಾದರೂ ಮೋಡೆಮ್‌ನಲ್ಲಿ ಕೆಂಪು ದೀಪ ಬರುತ್ತದೆ. ಆ ಅಂಕಿಯನ್ನು ಗೋಡೆ ಮೇಲೋ ಡೈರಿಯಲ್ಲೋ ಬರೆದಿಡಿ. ಮುಂದೆ ತೊಂದರೆ ಬಂದಾಗ 'ಹಾಕಿದ ದಿನ ಮೈನಸ್ 21 ಇತ್ತು, ಈಗ 28' ಅಂತ ಹೇಳಿದರೆ ಮಾತು ಬೇಗ ಮುಗಿಯುತ್ತದೆ.

ಸಿಡಿಲಿನ ಬಗ್ಗೆಯೂ ಕೇಳುತ್ತಾರೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೇಬಲ್ ಜೊತೆಗೆ ಬರುವ ಸ್ಟೀಲ್ ತಂತಿಯಲ್ಲಿ ಹರಿಯುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಗುಡುಗು ಶುರುವಾದರೆ ಮೋಡೆಮ್‌ನ ಅಡಾಪ್ಟರ್ ಪ್ಲಗ್ಗಿನಿಂದ ತೆಗೆಯಿರಿ. ಮೋಡೆಮ್ ಸುಡುವುದು ಹೆಚ್ಚಾಗಿ ಕರೆಂಟಿನ ಲೈನ್ ಕಡೆಯಿಂದಲೇ.

ಏರ್‌ಫೈಬರ್ ನಮ್ಮ ಗುಡ್ಡದ ಊರಲ್ಲಿ ನಡೆಯುತ್ತಾ?

ಟವರ್ ಕಾಣುವ ಜಾಗದಲ್ಲಿ ಮನೆ ಇದ್ದರೆ ನಡೆಯುತ್ತದೆ. ಮಧ್ಯೆ ಗುಡ್ಡ ಬಂದರೆ ಕಷ್ಟ, ದಟ್ಟ ಮರ ಇದ್ದರೂ ಸಿಗ್ನಲ್ ಕುಗ್ಗುತ್ತದೆ. ಹಾಕಿಸುವ ಮೊದಲು ಅದೇ ಕಂಪನಿಯ ಸಿಮ್ ಇರುವ 5ಜಿ ಫೋನ್ ಹಿಡಿದು ತಾರಸಿ ಹತ್ತಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಸ್ಪೀಡ್ ನೋಡಿ. ಎರಡರ ನಡುವೆ ಬಹಳ ವ್ಯತ್ಯಾಸ ಇದ್ದರೆ ಆ ಟವರ್ ಮೇಲೆ ಜನ ಜಾಸ್ತಿ ಅಂತ ಅರ್ಥ. ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳ ಪ್ರಕಾರ ಮೊಬೈಲ್ ಕಂಪನಿಗಳು 2ಜಿ, 3ಜಿ, 4ಜಿ, 5ಜಿ ಎಲ್ಲಿ ಸಿಗುತ್ತದೆ ಅನ್ನೋ ನಕ್ಷೆಯನ್ನು ತಮ್ಮ ಸೈಟಿನಲ್ಲಿ ಹಾಕಬೇಕು. ಅದನ್ನೂ ನೋಡಿ, ಆದರೆ ತಾರಸಿಯ ಪರೀಕ್ಷೆಯನ್ನು ಬಿಡಬೇಡಿ.

ತಿಂಗಳ ಡೇಟಾ ಮಿತಿಯನ್ನೂ ಕೇಳಿ. ಫೈಬರ್ ಪ್ಲಾನ್‌ಗಳಿಗಿಂತ ಏರ್‌ಫೈಬರ್ ಪ್ಲಾನ್‌ಗಳಲ್ಲಿ ಅದು ಸಾಮಾನ್ಯವಾಗಿ ಕಡಿಮೆ.

ಸ್ಟಾರ್‌ಲಿಂಕ್ ಬುಕ್ ಮಾಡ್ಲಾ?

ಸ್ಟಾರ್‌ಲಿಂಕ್ ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಕಂಪನಿ. ಅದಕ್ಕೆ ಭಾರತದಲ್ಲಿ 2025ರ ಜೂನ್‌ನಲ್ಲಿ ಲೈಸೆನ್ಸ್ ಸಿಕ್ಕಿತು. ಲೈಸೆನ್ಸ್ ಸಿಕ್ಕ ಕೂಡಲೇ ಮನೆಗೆ ಡಿಶ್ ಬರುವುದಿಲ್ಲ. ಸ್ಪೆಕ್ಟ್ರಂ (ಸಿಗ್ನಲ್‌ಗೆ ಬೇಕಾದ ರೇಡಿಯೋ ತರಂಗಗಳ ಹಂಚಿಕೆ), ಭದ್ರತೆಯ ಒಪ್ಪಿಗೆ, ನೆಲದ ಮೇಲಿನ ಸ್ಟೇಷನ್‌ಗಳು ಎಲ್ಲ ಆಗಬೇಕು. ಅವರ ಅಧಿಕೃತ ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಊರಿನಲ್ಲಿ ಯಾರಾದರೂ 'ಏಜೆಂಟ್' ಅಂತ ಬಂದು ಮುಂಗಡ ಕೇಳಿದರೆ ಒಂದು ಪೈಸೆಯನ್ನೂ ಕೊಡಬೇಡಿ.

ಉಪಗ್ರಹದ ಇಂಟರ್ನೆಟ್ ಇಲ್ಲಿ ಹೊಸದೇನಲ್ಲ. ಹ್ಯೂಸ್ ಕಂಪನಿ ಇಸ್ರೋದ ಜಿಸ್ಯಾಟ್ ಉಪಗ್ರಹಗಳ ಮೂಲಕ ಕೊಡುತ್ತದೆ. ಆದರೆ ಅವು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿವೆ. ಸಿಗ್ನಲ್ ಹೋಗಿ ಬರಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ವೀಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡುವ ಹಾಗೆ ಆಗುತ್ತದೆ. ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಇರುವುದರಿಂದ ಅಷ್ಟು ತಡ ಆಗುವುದಿಲ್ಲ. ಆದರೂ ಫೈಬರ್ ಸಿಗುವ ಮನೆಗೆ ಇದು ಬೇಡ.

## ಅಪಾರ್ಟ್‌ಮೆಂಟ್, ಬಾಡಿಗೆ ಮನೆ

ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದೇ ಕಂಪನಿಗೆ ಬಿಟ್ಟಿದ್ದಾರೆ. ಬೇರೆಯದು ಹಾಕಿಸೋಕೆ ಆಗಲ್ವಾ?

ಸೆಕ್ಯೂರಿಟಿಯವರನ್ನು ಕೇಳಿದರೆ 'ಬೇರೆ ಯಾರಿಗೂ ಪರ್ಮಿಷನ್ ಇಲ್ಲ ಸರ್' ಅನ್ನುತ್ತಾರೆ. ಅಲ್ಲಿಗೆ ಬಿಡಬೇಡಿ. ಬಿಲ್ಡರ್ ಕಾಲದಲ್ಲಿ ಆದ ಒಪ್ಪಂದ ಈಗಲೂ ಜಾರಿಯಲ್ಲಿದೆಯಾ, ಯಾವಾಗ ಮುಗಿಯುತ್ತದೆ ಅಂತ ಅಸೋಸಿಯೇಷನ್‌ಗೆ ಬರೆದು ಕೇಳಿ. ಎಷ್ಟೋ ಕಡೆ ಒಪ್ಪಂದ ಮುಗಿದಿದ್ದರೂ ರೂಢಿ ಮಾತ್ರ ಮುಂದುವರಿದಿರುತ್ತದೆ. ನಂತರ ಹತ್ತು ಹದಿನೈದು ಮನೆಯವರ ಸಹಿ ಮಾಡಿಸಿ ಸಭೆಗೆ ತನ್ನಿ. ಒಂದೇ ಒಂದು ಫ್ಲ್ಯಾಟ್‌ಗಾಗಿ ಬರಲು ಕಂಪನಿಗೂ ಆಸಕ್ತಿ ಇರುವುದಿಲ್ಲ, ಇಷ್ಟು ಮನೆ ಇದೆ ಅಂದರೆ ಅವರೇ ಓಡಿ ಬರುತ್ತಾರೆ.

ಅಸೋಸಿಯೇಷನ್‌ನವರ ಕಷ್ಟವೂ ಇದೆ. ಕೇಬಲ್ ಹೋಗುವ ಡಕ್ಟ್ ಚಿಕ್ಕದು, ಬಂದವರೆಲ್ಲ ಗೋಡೆಗೆ ತೂತು ಹೊಡೆದು ಹೋಗುತ್ತಾರೆ. 'ಡಕ್ಟ್ ಒಳಗೇ ಎಳೆಯಬೇಕು, ತೂತು ಮುಚ್ಚಿಕೊಡಬೇಕು' ಅಂತ ಷರತ್ತು ಹಾಕಿದರೆ ಒಪ್ಪುತ್ತಾರೆ. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಮೇಲೆ ರೇಟಿಂಗ್ ಕೊಡುವ ನಿಯಮಗಳನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ತಂದಿದೆ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಇದೂ ಲೆಕ್ಕಕ್ಕೆ ಬರುತ್ತದೆ ಅಂತ ಸಭೆಯಲ್ಲಿ ಹೇಳಿ.

ಬಾಡಿಗೆ ಮನೆ ನೋಡ್ತಿದೀವಿ. ಮೊದಲೇ ಹೇಗೆ ತಿಳ್ಕೊಳ್ಳೋದು?

ನೀರು ಹೇಗೆ ಅಂತ ಕೇಳುವಾಗಲೇ ಇದನ್ನೂ ಕೇಳಿ. ಅಡ್ವಾನ್ಸ್ ಕೊಡುವ ಮೊದಲು, ಹಳೇ ಬಾಡಿಗೆದಾರರು ಯಾವುದು ಬಳಸುತ್ತಿದ್ದರು, ವೈರ್ ಇನ್ನೂ ಇದೆಯಾ ನೋಡಿ. ಟಿವಿ ಹಿಂದೆಯೋ ಕಿಟಕಿ ಮೂಲೆಯಲ್ಲೋ ಹಸಿರು ಅಥವಾ ನೀಲಿ ತುದಿಯ ತೆಳು ವೈರ್ ನೇತಾಡುತ್ತಿದ್ದರೆ ಫೈಬರ್ ಬಂದಿದೆ ಅಂತ ಅರ್ಥ. ಆ ವೈರ್‌ನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರಲ್ಲಿ ಬರುವ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ತೂತು ಹೊಡೆಯಲು ಓನರ್ ಒಪ್ಪಿಗೆ ಕೊಡುತ್ತಾರಾ ಅಂತ ಆಗಲೇ ಮಾತಾಡಿಕೊಳ್ಳಿ. ಬೇಗ ಮನೆ ಬದಲಿಸುವವರು ವರ್ಷದ ಪ್ಲಾನ್ ಕಟ್ಟಬೇಡಿ. ಹೊಸ ಏರಿಯಾದಲ್ಲಿ ಅದೇ ಕಂಪನಿ ಇರುತ್ತದೆ ಅಂತ ಹೇಳಲಾಗದು.

## ಸ್ವಲ್ಪ ಆಳದ ಪ್ರಶ್ನೆಗಳು

399 ಪ್ಲಾನ್ ಅಂದ್ರು, 471 ತಗೊಂಡ್ರು. ಮೋಸ ಅಲ್ವಾ?

ಅದು ಶೇ. 18 ಜಿಎಸ್‌ಟಿ. ಜಾಹೀರಾತಿನಲ್ಲಿ ತೆರಿಗೆ ಬಿಟ್ಟು ಬೆಲೆ ಹಾಕುತ್ತಾರೆ. ಎರಡು ಕಂಪನಿ ಹೋಲಿಸುವಾಗ ಮೊದಲ ತಿಂಗಳು ಕೈಯಿಂದ ಹೋಗುವ ಒಟ್ಟು ಮೊತ್ತ ಕೇಳಿ. ಇನ್‌ಸ್ಟಲೇಷನ್, ಡಿಪಾಸಿಟ್, ಮೋಡೆಮ್ ಬಾಡಿಗೆ ಎಲ್ಲ ಸೇರಿ ಎಷ್ಟು? ಡಿಪಾಸಿಟ್ ವಾಪಸ್ ಬರುತ್ತದಾ? ಆರು ತಿಂಗಳು ಒಟ್ಟಿಗೆ ಕಟ್ಟಿದರೆ ಇನ್‌ಸ್ಟಲೇಷನ್ ಬಿಡುತ್ತಾರೆ ಅನ್ನುವುದು ಬಹಳ ಕಡೆ ಇದೆ. ಹೊಸ ಕಂಪನಿಯಾದರೆ ಮೊದಲು ಒಂದು ತಿಂಗಳು ನೋಡಿ, ಆಮೇಲೆ ಆರು ತಿಂಗಳದ್ದು ಕಟ್ಟಿ.

'ಅನ್‌ಲಿಮಿಟೆಡ್' ಅಂದರೂ ಮಿತಿ ಇರುತ್ತದೆ. ಹಲವು ಫೈಬರ್ ಪ್ಲಾನ್‌ಗಳಲ್ಲಿ ಅದು ತಿಂಗಳಿಗೆ 3300 ಜಿಬಿ. ಒಂದು ಸಂಸಾರಕ್ಕೆ ಅದು ಮುಗಿಯುವುದು ಅಪರೂಪ. ಕಂಪನಿಗಳು ಟ್ರಾಯ್‌ಗೆ ಕೊಟ್ಟ ದರಗಳನ್ನು ಟ್ರಾಯ್‌ನ ಟ್ಯಾರಿಫ್ ಪೋರ್ಟಲ್‌ನಲ್ಲಿ ಒಟ್ಟಿಗೆ ನೋಡಬಹುದು.

100ರ ಪ್ಲಾನ್, ಫೋನಲ್ಲಿ 35 ಬರುತ್ತೆ. ಕಂಪನಿ ಬದಲಾಯಿಸ್ಲಾ?

ಬದಲಾಯಿಸುವ ಮೊದಲು ಲ್ಯಾಪ್‌ಟಾಪ್‌ಗೆ ಲ್ಯಾನ್ ವೈರ್ ಚುಚ್ಚಿ ನೋಡಿ. ವೈರ್‌ನಲ್ಲಿ 95 ಬಂದರೆ ಲೈನ್ ಸರಿ ಇದೆ, ತೊಂದರೆ ನಿಮ್ಮ ವೈಫೈದು. ಫೋನ್ 2.4 ಗಿಗಾಹರ್ಟ್ಸ್ ವೈಫೈ ಹಿಡಿದಿರುತ್ತದೆ. ಅದು ದೂರ ಹೋಗುತ್ತದೆ, ಸ್ಪೀಡ್ ಕಡಿಮೆ. 5 ಗಿಗಾಹರ್ಟ್ಸ್‌ಗೆ ಹಾಕಿ ನೋಡಿ. ಮೋಡೆಮ್ಮನ್ನು ಬೀರು ಹಿಂದೆ ಇಟ್ಟಿದ್ದರೆ ಮನೆಯ ನಡುವಿಗೆ ತನ್ನಿ. ವೈರ್‌ನಲ್ಲೂ 35 ಬಂದರೆ ಆಗ ಕಂಪನಿಗೆ ದೂರು ಕೊಡಿ.

ತೋಟದ ಸಿಸಿಟಿವಿ ಬೆಂಗಳೂರಿಂದ ನೋಡ್ಬೇಕು. ಸ್ಟ್ಯಾಟಿಕ್ ಐಪಿ ಬೇಕು ಅಂತಾರೆ, ಹೌದಾ?

ಸ್ಟ್ಯಾಟಿಕ್ ಐಪಿ ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಮನೆಯ ಬದಲಾಗದ ವಿಳಾಸ. ಈಗಿನ ಹೆಚ್ಚಿನ ಕ್ಯಾಮೆರಾಗಳು ಕಂಪನಿಯ ಆ್ಯಪ್ ಮೂಲಕ ನಡೆಯುತ್ತವೆ. ಅವಕ್ಕೆ ಬೇಡ. ಹಳೇ ಡಿವಿಆರ್‌ಗೆ (ಕ್ಯಾಮೆರಾ ರೆಕಾರ್ಡ್ ಮಾಡುವ ಡಬ್ಬಿಗೆ) ನೇರ ಹೊರಗಿನಿಂದ ಹೋಗಬೇಕಾದರೆ ಬೇಕು. ಈಗ ಬಹಳ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹತ್ತಾರು ಮನೆಗೆ ಹಂಚುತ್ತವೆ, ಹಾಗಾಗಿ ಹೊರಗಿನಿಂದ ನಿಮ್ಮ ಮನೆಯನ್ನು ಗುರುತಿಸಲು ಆಗುವುದಿಲ್ಲ. ಬುಕ್ ಮಾಡುವ ಮೊದಲೇ 'ಪಬ್ಲಿಕ್ ಐಪಿ ಕೊಡ್ತೀರಾ, ಎಷ್ಟು' ಅಂತ ಕೇಳಿ. ಅಂದರೆ ಬೇರೆಯವರ ಜೊತೆ ಹಂಚದ, ಹೊರಗಿನಿಂದ ತಲುಪಬಹುದಾದ ವಿಳಾಸ. ಕ್ಯಾಮೆರಾಗೆ ಮುಖ್ಯವಾದದ್ದು ಅಪ್‌ಲೋಡ್ ಸ್ಪೀಡ್ (ಮನೆಯಿಂದ ಹೊರಗೆ ಕಳಿಸುವ ಸ್ಪೀಡ್), ಅದನ್ನೂ ವಿಚಾರಿಸಿ.

ಎರಡು ಕನೆಕ್ಷನ್ ಇಟ್ಕೊಂಡ್ರೆ ಒಂದು ಹೋದ್ರೂ ಇನ್ನೊಂದು ಇರುತ್ತಲ್ವಾ?

ಎರಡರ ದಾರಿಯೂ ಬೇರೆ ಇದ್ದರೆ ಮಾತ್ರ. ಎರಡು ಕಂಪನಿಯ ಕೇಬಲ್ ಒಂದೇ ಕಂಬದ ಮೇಲೆ ಬಂದರೆ, ಮರ ಬಿದ್ದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಬೆಂಗಳೂರಿನಲ್ಲಿ ಕಂಬಗಳಲ್ಲಿ ನೇತಾಡುವ ಕೇಬಲ್‌ಗಳನ್ನು ಬೆಸ್ಕಾಂ ಆಗಾಗ ಕತ್ತರಿಸಿ ತೆಗೆಸುತ್ತದೆ. ಆ ದಿನ ಇಡೀ ಬೀದಿಯ ನೆಟ್ ಹೋಗುತ್ತದೆ. ಮನೆಯಿಂದ ಕೆಲಸ ಮಾಡುವವರು ಒಂದು ಫೈಬರ್, ಇನ್ನೊಂದು ಏರ್‌ಫೈಬರ್ ಅಥವಾ ಬೇರೆ ಕಂಪನಿಯ ಮೊಬೈಲ್ ಸಿಮ್ ಇಟ್ಟುಕೊಳ್ಳಿ. ಆ ಸಿಮ್ ನಿಮ್ಮ ಮನೆಯಲ್ಲಿ ಎಷ್ಟು ಚೆನ್ನಾಗಿ ಸಿಗುತ್ತದೆ ಅಂತ ನೆಟ್ ಇರುವ ದಿನವೇ ನೋಡಿಡಿ.

ದುಡ್ಡು ಕಟ್ಟಿ ತಿಂಗಳಾಯ್ತು. ಕನೆಕ್ಷನ್ನೂ ಇಲ್ಲ, ದುಡ್ಡೂ ವಾಪಸ್ ಇಲ್ಲ. ಯಾರಿಗೆ ಹೇಳೋದು?

ಮೊದಲು ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ನಂಬರ್) ತೆಗೆದುಕೊಳ್ಳಿ. ಸರ್ವೆಗೆ ಬಂದ ಹುಡುಗನಿಗೆ ಹತ್ತು ಸಲ ಫೋನ್ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ, ಆ ನಂಬರ್ ಬರುತ್ತದೆ. ಅದರಿಂದ ಆಗದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಬರೆಯಿರಿ. ಅವರ ವಿಳಾಸ ಕಂಪನಿಯ ಸೈಟಿನಲ್ಲಿ ಇರಲೇಬೇಕು. ಟ್ರಾಯ್ ನಿಯಮದ ಪ್ರಕಾರ ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು. ಇದಕ್ಕೆ ಶುಲ್ಕ ಇಲ್ಲ.

ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ಬಗೆಹರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೇಂದ್ರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಗೆ ದೂರು ಹಾಕಬಹುದು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಟೆಲಿಕಾಂ ದೂರುಗಳನ್ನು ಗ್ರಾಹಕ ಆಯೋಗಗಳು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನೀವು ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯೊಳಗೆ ಇದ್ದರೆ ಅಲ್ಲಿ ಅರ್ಜಿ ಶುಲ್ಕವೂ ಇಲ್ಲ. ರಸೀದಿ, ಡಾಕೆಟ್ ನಂಬರ್, 'ಫೀಸಿಬಲ್ ಇಲ್ಲ' ಅಂತ ಅವರು ಕಳಿಸಿದ ಮೆಸೇಜ್ ಮೂರನ್ನೂ ಜೋಪಾನ ಮಾಡಿ. ಮೆಸೇಜ್ ಬಂದಿರದಿದ್ದರೆ, ಅವರು ಬಾಯಲ್ಲಿ ಹೇಳಿದ್ದನ್ನು ನೀವೇ ಬರೆದು ಅದೇ ದಿನ ಕಂಪನಿಗೆ ಇಮೇಲ್ ಕಳಿಸಿ.